ಬಿಎಸ್ಸಿ ನರ್ಸಿಂಗ್‌ನಲ್ಲಿ ಏನೇನು ಕಲಿಸುತ್ತಾರೆ? ಬೆಳಗಾವಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ರಿಸಲ್ಟ್ ಬಂತೆಂದರೆ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಗೋಕಾಕದಿಂದ ಒಬ್ಬರು, ಅಥಣಿಯಿಂದ ಒಬ್ಬರು, ಖಾನಾಪುರದಿಂದ ಇನ್ನೊಬ್ಬರು. "ಮೇಡಮ್ಮರ, ಮಗಳು ಸೈನ್ಸ್ ಪಾಸಾಗ್ಯಾಳ್ರಿ. ನರ್ಸಿಂಗ್‌ಗೆ ಹಚ್ಚಬೇಕಂತ ಮಾಡೇವಿ. ಅದರಾಗ ಏನ್ ಕಲಸ್ತಾರ್ರಿ?" ಬೆಳಗಾವಿಯಲ್ಲಿ ಮೊದಲು ವಾರ್ಡಿನಲ್ಲಿ ದುಡಿದೆ, ಈಗ ಪಾಠ ಹೇಳುತ್ತೇನೆ. ಫೋನಿನಲ್ಲಿ ಹೇಳಿ ಹೇಳಿ ಅರ್ಧಕ್ಕೇ ನಿಂತ ಉತ್ತರಗಳನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ.

ಸೂಜಿ ಮಾಡೋದು, ಸಲಾಯಿನ್ ಹಚ್ಚೋದು ಕಲಿಯಲು ನಾಲ್ಕು ವರ್ಷ ಬೇಕಾ?

ಸೂಜಿ ಮಾಡಲು ಕೈಗೆ ಕೆಲವು ವಾರ ಸಾಕು. ಯಾವ ರೋಗಿಗೆ ಈಗ ಆ ಸೂಜಿ ಮಾಡಬಾರದು ಎಂದು ತಿಳಿಯಲು ನಾಲ್ಕು ವರ್ಷ ಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಹೃದಯದ ರೋಗಿಗೆ ಡಿಗಾಕ್ಸಿನ್ ಎಂಬ ಗುಳಿಗೆ ಬರೆದಿರುತ್ತಾರೆ. ಕೊಡುವ ಮುಂಚೆ ಒಂದು ನಿಮಿಷ ಪೂರ್ತಿ ನಾಡಿ ಎಣಿಸಬೇಕು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಗುಳಿಗೆ ತಡೆದು ಡಾಕ್ಟರಿಗೆ ಹೇಳಬೇಕು. ಚೀಟಿಯಲ್ಲಿ ಬರೆದಿದೆ ಎಂದು ಸುಮ್ನೆ ಕೊಟ್ಟರೆ ಜೀವಕ್ಕೇ ಅಪಾಯ. ಡಾಕ್ಟರು ರೌಂಡ್ಸಿಗೆ ಬಂದು ಹೋಗುತ್ತಾರೆ. ರಾತ್ರಿ ಎರಡು ಗಂಟೆಗೆ ರೋಗಿಯ ತುಟಿ ನೀಲಿಯಾಗುವುದು ನರ್ಸಿನ ಕಣ್ಣಿಗೆ ಮೊದಲು ಬೀಳುತ್ತದೆ. ಆ ಕಣ್ಣನ್ನು ತಯಾರು ಮಾಡುವುದೇ ಈ ಓದಿನ ಕೆಲಸ. ಉಳಿದ ಪ್ರಶ್ನೆಗಳಿಗೆ ಉತ್ತರ ಓದುವಾಗಲೂ ಇದೊಂದನ್ನು ನೆನಪಿನಲ್ಲಿಡಿ.

ಸಿಲಬಸ್ ಯಾರು ಮಾಡುತ್ತಾರೆ? ಕಾಲೇಜಿನಿಂದ ಕಾಲೇಜಿಗೆ ಬೇರೆಯಾ?

ಮೂಲ ಸಿಲಬಸ್ ಇಡೀ ದೇಶಕ್ಕೆ ಒಂದೇ. ದೆಹಲಿಯ ಭಾರತೀಯ ನರ್ಸಿಂಗ್ ಕೌನ್ಸಿಲ್ ಅದನ್ನು ಮಾಡುತ್ತದೆ. ಮುಂಚೆ ವರ್ಷಕ್ಕೊಂದು ಪರೀಕ್ಷೆ ಇತ್ತು. 2021ರಲ್ಲಿ ಹೊಸ ನಿಯಮ ಬಂದ ಮೇಲೆ 8 ಸೆಮಿಸ್ಟರ್ ಆಗಿದೆ. ಅಕ್ಕಂದಿರ ಹಳೆಯ ನೋಟ್ಸ್ ಇಟ್ಟುಕೊಂಡು ಓದುವವರು ಇದನ್ನು ಗಮನಿಸಿ. ವಿಷಯಗಳ ಜಾಗ ಬದಲಾಗಿದೆ.

ಪರೀಕ್ಷೆ ನಡೆಸಿ ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. ರಾಜ್ಯದ ಹೆಚ್ಚಿನ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಬೆಳಗಾವಿಯ ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ ಡೀಮ್ಡ್ ವಿಶ್ವವಿದ್ಯಾಲಯಗಳು, ಅಂದರೆ ತಾವೇ ಪರೀಕ್ಷೆ ನಡೆಸಿ ಡಿಗ್ರಿ ಕೊಡುವಂಥವು.

ಮೊದಲ ವರ್ಷ ಏನೇನು ಇರುತ್ತದೆ?

ಅನಾಟಮಿ, ಫಿಸಿಯಾಲಜಿ, ಸೋಶಿಯಾಲಜಿ, ಸೈಕಾಲಜಿ, ಇಂಗ್ಲಿಷ್ ಮೊದಲ ಸೆಮಿಸ್ಟರಿನಲ್ಲಿ. ಬಯೋಕೆಮಿಸ್ಟ್ರಿ, ಪೌಷ್ಟಿಕ ಆಹಾರ, ಆರೋಗ್ಯ ಕ್ಷೇತ್ರದ ಕಂಪ್ಯೂಟರ್ ಬಳಕೆ ಎರಡನೆಯದರಲ್ಲಿ. ಇವೆಲ್ಲದರ ಜೊತೆಗೆ ಎರಡೂ ಸೆಮಿಸ್ಟರಿನಲ್ಲಿ ನರ್ಸಿಂಗ್ ಫೌಂಡೇಶನ್ ಇರುತ್ತದೆ. ವರ್ಷದ ಜೀವಾಳ ಅದೇ.

ಫೌಂಡೇಶನ್ನಿನಲ್ಲಿ ಕೈ ತೊಳೆಯುವುದರಿಂದ ಶುರು. ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡು. ಹೆಬ್ಬೆರಳು, ಬೆರಳ ಸಂದಿ, ಉಗುರ ತುದಿ ಬಿಡುವಂತಿಲ್ಲ. ಆಮೇಲೆ ಹಾಸಿಗೆ ಹಾಸುವುದು. "ಮನ್ಯಾಗ ಹಾಸಿಗಿ ಹಾಸಾಕ ಬರಾಂಗಿಲ್ಲೇನ್ರಿ?" ಎಂದು ಒಬ್ಬ ತಾಯಿ ಬೇಜಾರು ಮಾಡಿಕೊಂಡಿದ್ದರು. ಬೆಡ್‌ಶೀಟಿನ ಮೂಲೆಯನ್ನು 45 ಡಿಗ್ರಿಗೆ ಮಡಚಿ, ಗಾದಿಯ ಅಡಿಗೆ ಬಿಗಿಯಾಗಿ ಸೇರಿಸಬೇಕು. ಅಂಗೈ ಆಡಿಸಿದರೆ ಒಂದು ಸುಕ್ಕೂ ಸಿಗಬಾರದು. ಏಕೆಂದರೆ ಅಲುಗಾಡಲಾಗದ ರೋಗಿಯ ಬೆನ್ನಿಗೆ ಆ ಸುಕ್ಕು ಒತ್ತಿ ಒತ್ತಿ ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣಾಗುತ್ತದೆ. ಒಂದು ಸಲ ಸೊಂಟದ ಕೆಳಗೆ ಹುಣ್ಣಾದರೆ ಮಾಯಲು ತಿಂಗಳುಗಟ್ಟಲೆ. ಇಂಥ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗಲು ಹೊರಳಿಸುವುದನ್ನೂ ಇಲ್ಲೇ ಕಲಿಸುತ್ತಾರೆ.

ಮುಂದೆ ಜ್ವರ, ನಾಡಿ, ಉಸಿರು, ಬಿಪಿ ನೋಡುವುದು. ಇದರ ಬಗ್ಗೆ ನನ್ನದೇ ಒಂದು ತಪ್ಪು ಹೇಳಬೇಕು. ನಾನು ವಿದ್ಯಾರ್ಥಿನಿ ಇದ್ದಾಗ ಮಕ್ಕಳ ವಾರ್ಡಿನಲ್ಲಿ ಒಂದು ಮಗುವಿನ ಉಸಿರು ಎಣಿಸದೆ ಚಾರ್ಟಿನಲ್ಲಿ 28 ಎಂದು ಬರೆದುಬಿಟ್ಟೆ. ಮೇಲಿನ ಸಾಲಿನಲ್ಲೂ 28 ಇತ್ತು. ಹಿರಿಯ ಸಿಸ್ಟರ್ ಬಂದು ಮಗುವಿನ ಅಂಗಿ ಮೇಲೆತ್ತಿ, "ನೋಡು, ಎಣಸು" ಎಂದರು. ಪಕ್ಕೆಲುಬಿನ ಕೆಳಗೆ ಎದೆ ಒಳಗೆ ಎಳೆದುಕೊಳ್ಳುತ್ತಿತ್ತು. ಎಣಿಸಿದೆ. 58. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಜಾಸ್ತಿ ಇದ್ದರೆ, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಜಾಸ್ತಿ ಇದ್ದರೆ ಅದು ಜೋರು ಉಸಿರು. ನ್ಯುಮೋನಿಯಾ ಇರಬಹುದು ಎಂದು ತಿಳಿಯಬೇಕು. ಆ ಸಿಸ್ಟರ್ ಬೈಯಲಿಲ್ಲ. ಆ 58 ಮಾತ್ರ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಮಗು ಉಳಿಯಿತು. ನನ್ನ ತರಗತಿಯಲ್ಲಿ ಎಣಿಸದೆ ಬರೆದವರಿಗೆ ನಾನು ಮಾರ್ಕ್ಸ್ ಕೊಡುವುದಿಲ್ಲ.

ಸೋಶಿಯಾಲಜಿ, ಸೈಕಾಲಜಿ ನರ್ಸಿಗೆ ಏಕೆ?

ಔಷಧ ನುಂಗುವುದು ದೇಹ ಒಂದೇ ಅಲ್ಲ, ಮನೆಯೂ ಅದರಲ್ಲಿ ಇರುತ್ತದೆ. ಬಸುರಿ ಸೊಸೆಗೆ "ಏನು ತೊಂದರೆ?" ಎಂದು ಕೇಳಿದರೆ ಪಕ್ಕದಲ್ಲಿ ನಿಂತ ಅತ್ತೆ ಉತ್ತರ ಕೊಡುತ್ತಾರೆ. ಸೊಸೆ ಬಾಯಿ ಬಿಡಬೇಕೆಂದರೆ ಅತ್ತೆಯನ್ನು ನೋಯಿಸದೆ ಸ್ವಲ್ಪ ಹೊರಗೆ ಕೂರಿಸುವ ಜಾಣ್ಮೆ ಬೇಕು. ಇದನ್ನು ಅನುಭವದಿಂದ ಕಲಿಯುತ್ತೇವೆ ಎನ್ನುವವರಿದ್ದಾರೆ. ಮೊದಲೇ ಓದಿದ್ದರೆ ಅನುಭವ ಬೇಗ ಕೈಗೂಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಪೌಷ್ಟಿಕ ಆಹಾರದ ಪಾಠದಲ್ಲಿ ಅಡುಗೆ ಕಲಿಸುತ್ತಾರಾ?

ಹೌದು, ಅದಕ್ಕೆಂದೇ ಲ್ಯಾಬ್ ಇರುತ್ತದೆ. ಆದರೆ ರುಚಿಗಿಂತ ಲೆಕ್ಕ ಮುಖ್ಯ. ಸಕ್ಕರೆ ಕಾಯಿಲೆಯವರಿಗೆ ಎಷ್ಟು ಕ್ಯಾಲರಿ, ಕಿಡ್ನಿ ರೋಗಿಗೆ ಎಷ್ಟು ಪ್ರೊಟೀನು, ಬಾಣಂತಿಗೆ ಎಷ್ಟು ಕಬ್ಬಿಣಾಂಶ ಎಂದು ಲೆಕ್ಕ ಹಾಕಿ ತಟ್ಟೆ ತಯಾರಿಸಬೇಕು. ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಪುಸ್ತಕದ ಓಟ್ಸ್ ಬಿಡಿ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟುಕೊಂಡು ಲೆಕ್ಕ ಹಾಕಿ. ನಮ್ಮ ರೋಗಿ ಮನೆಗೆ ಹೋಗಿ ತಿನ್ನುವುದು ಅದನ್ನೇ ಅಲ್ವಾ? ಬಿಪಿ ಇದ್ದವರಿಗೆ "ಉಪ್ಪು ಕಡಿಮೆ ಮಾಡಿ" ಎಂದರೆ ಸಾರಿನ ಉಪ್ಪು ಕಡಿಮೆ ಮಾಡುತ್ತಾರೆ, ಉಪ್ಪಿನಕಾಯಿ ಹಾಗೇ ಇರುತ್ತದೆ. ಅದನ್ನು ಹೆಸರು ಹಿಡಿದೇ ಹೇಳಬೇಕು.

ಗಣಿತ ಬೇಕಾ? ಮಗಳು ಪಿಸಿಬಿ (ಭೌತ, ರಸಾಯನ, ಜೀವಶಾಸ್ತ್ರ) ತಗೊಂಡಿದ್ದಾಳೆ.

ಸೇರಲು ಗಣಿತ ಬೇಡ. ಕೆಲಸಕ್ಕೆ ಗುಣಾಕಾರ, ಭಾಗಾಕಾರ ಗಟ್ಟಿ ಇರಬೇಕು. 500 ಮಿ.ಲೀ. ಸಲಾಯಿನ್ ನಾಲ್ಕು ಗಂಟೆಯಲ್ಲಿ ಹೋಗಬೇಕು ಎಂದಿಟ್ಟುಕೊಳ್ಳಿ. ಸಲಾಯಿನ್ ನಳಿಕೆಯ ಸೆಟ್ಟಿನಲ್ಲಿ ಒಂದು ಮಿ.ಲೀ.ಗೆ 20 ಹನಿ. ಒಟ್ಟು 10,000 ಹನಿ, 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ವಾಚು ನೋಡುತ್ತ, ಹನಿ ಎಣಿಸುತ್ತ, ನಳಿಕೆಯ ಮೇಲಿನ ಗಾಲಿಯನ್ನು ಅಷ್ಟಕ್ಕೇ ತಿರುಗಿಸಿ ನಿಲ್ಲಿಸಬೇಕು. ಮಕ್ಕಳ ಔಷಧವನ್ನು ತೂಕದ ಮೇಲೆ ಲೆಕ್ಕ ಹಾಕುತ್ತಾರೆ. ಅಲ್ಲಿ ದಶಮಾಂಶದ ಒಂದು ಚುಕ್ಕೆ ಆಚೀಚೆ ಆದರೆ ಡೋಸು ಹತ್ತು ಪಟ್ಟು ಆಗುತ್ತದೆ. ಲೆಕ್ಕದ ಭಯ ಇದ್ದವರು ಹೆದರಬೇಡಿ. ದಿನಾ ಎರಡು ಲೆಕ್ಕ ಮಾಡಿದರೆ ತಿಂಗಳಲ್ಲಿ ಕೈ ಕೂರುತ್ತದೆ.

ಎರಡನೇ ವರ್ಷ ಕಷ್ಟ ಅಂತಾರೆ, ನಿಜವಾ?

ನಿಜ. ಫಾರ್ಮಕಾಲಜಿ (ಔಷಧಗಳ ಪಾಠ), ಪೆಥಾಲಜಿ (ರೋಗಗಳ ಪಾಠ), ಮೈಕ್ರೋಬಯಾಲಜಿ (ರೋಗಾಣುಗಳ ಪಾಠ), ದೊಡ್ಡವರ ಆರೈಕೆ ಎಲ್ಲ ಒಟ್ಟಿಗೇ ಬರುತ್ತವೆ. ವೃದ್ಧರ ಆರೈಕೆ, ವೃತ್ತಿ ನೀತಿಯ ಪಾಠವೂ ಇದೇ ವರ್ಷ. ಔಷಧದ ಹೆಸರುಗಳೇ ನೂರಾರು. ಬರೀ ಬಾಯಿಪಾಠ ಮಾಡಿದವರು ಸುಸ್ತಾಗುತ್ತಾರೆ. ರೋಗಿಯ ಜೊತೆ ಜೋಡಿಸಿ ಓದಿದವರಿಗೆ ಉಳಿಯುತ್ತದೆ.

ನಮ್ಮ ಕಡೆ ಕಬ್ಬು ಕಡಿಯುವ ಕಾಲಕ್ಕೆ ಹಾವು ಕಡಿದವರು ಬರುತ್ತಾರೆ. ಅಂಥ ಒಬ್ಬ ರೋಗಿಯಲ್ಲಿ ಇಡೀ ವರ್ಷದ ಪಾಠ ಇರುತ್ತದೆ. ಒಣಗಿದ, ಸ್ವಚ್ಛ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಟ್ಯೂಬು ಬಾಗಿಸಿದಾಗ ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಎಂದು ಅರ್ಥ. ಟ್ಯೂಬಿನಲ್ಲಿ ಸೋಪಿನ ಅಂಶ ಉಳಿದಿದ್ದರೆ ಫಲಿತಾಂಶವೇ ತಪ್ಪುತ್ತದೆ. ನಾಗರ ಅಥವಾ ಕಟ್ಟುಹಾವು ಕಡಿದಿದ್ದರೆ ರಕ್ತ ಹೆಪ್ಪುಗಟ್ಟುತ್ತದೆ, ಆದರೆ ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಉಸಿರು ನಿಲ್ಲಬಹುದು. ಪಕ್ಕದಲ್ಲಿ ಕುಳಿತು ರೆಪ್ಪೆ ನೋಡುತ್ತಿರುವವರು ಯಾರು? ನರ್ಸ್. ವಿಷಕ್ಕೆ ಮದ್ದು ಕೊಡುವಾಗ ಕೆಲವರಿಗೆ ಅಲರ್ಜಿ ಆಗುತ್ತದೆ. ಅದಕ್ಕೆ ಅಡ್ರಿನಲಿನ್ ಮೊದಲೇ ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಇನ್ನೊಂದು ವಿಷಯ ಕೇಳಿದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ಈ ಮದ್ದಿನ ಡೋಸು ಸಣ್ಣ ಮಗುವಿಗೂ ದೊಡ್ಡವರಷ್ಟೇ. ಹಾವು ಬಿಡುವ ವಿಷ ಕಡಿಸಿಕೊಂಡವರ ವಯಸ್ಸು ನೋಡುವುದಿಲ್ಲವಲ್ಲ.

ಹೃದಯ ನಿಂತವರಿಗೆ ಎದೆ ಒತ್ತುವ ಸಿಪಿಆರ್ ತರಬೇತಿಯೂ ಈ ವರ್ಷವೇ. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ. ಬೊಂಬೆಯ ಮೇಲೆ ಎರಡು ನಿಮಿಷ ಮಾಡಿದರೆ ಬೆವರು ಇಳಿಯುತ್ತದೆ.

ರಕ್ತ ಕಂಡರೆ ತಲೆ ತಿರುಗುತ್ತದೆ. ಸೇರಬಹುದಾ?

ಸೇರಬಹುದು. ಮೊದಲ ದಿನ ಬಿದ್ದವರೇ ಮುಂದೆ ಆಪರೇಷನ್ ಥಿಯೇಟರಿನಲ್ಲಿ ಗಟ್ಟಿಯಾಗಿ ನಿಂತದ್ದನ್ನು ನೋಡಿದ್ದೇನೆ. ಬೆಳಿಗ್ಗೆ ಹೊಟ್ಟೆ ಖಾಲಿ ಬಿಟ್ಟು ಡ್ಯೂಟಿಗೆ ಬರಬೇಡಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ಮೂರನೇ ವರ್ಷದಲ್ಲಿ?

ಮಕ್ಕಳ ಆರೈಕೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ, ಪಾಠ ಹೇಳುವ ವಿಧಾನ, ವಾರ್ಡ್ ನಡೆಸುವ ಆಡಳಿತ, ಹೆರಿಗೆ ವಿಷಯದ ಮೊದಲ ಭಾಗ.

ಇದರಲ್ಲಿ ಫೊರೆನ್ಸಿಕ್ ನರ್ಸಿಂಗ್ ಎಂಬ ಹೊಸ ವಿಷಯ ಸೇರಿದೆ. ನನಗೆ ಇದು ತುಂಬಾ ಬೇಕಾಗಿದ್ದ ಪಾಠ. ದೌರ್ಜನ್ಯಕ್ಕೆ ಒಳಗಾದ ಹುಡುಗಿ ಆಸ್ಪತ್ರೆಗೆ ಬಂದಾಗ ಮೊದಲು ಮುಟ್ಟುವ ಕೈ ಹೆಚ್ಚಾಗಿ ನರ್ಸಿನದು. ಅವಳ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಬಾರದು, ತೇವಕ್ಕೆ ಸಾಕ್ಷ್ಯ ಕೆಡುತ್ತದೆ. ಕಾಗದದ ಚೀಲ ಬೇಕು. ಒಪ್ಪಿಗೆ ಕೇಳದೆ ಮುಟ್ಟಬಾರದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಏನು ಹೇಳುತ್ತದೆ ಎಂದು ಗೊತ್ತಿರಬೇಕು. ನಾವು ಓದುವಾಗ ಇದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ.

ಮಾನಸಿಕ ಆರೋಗ್ಯಕ್ಕೆ ಧಾರವಾಡದ ಡಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ಕಲಿಯಲು ಸಿಕ್ಕರೆ ಅದು ಭಾಗ್ಯ. ಹೋಗುವಾಗ ಹೆದರಿಕೊಂಡು ಹೋದ ಮಕ್ಕಳು ಬರುವಾಗ ಬೇರೆಯೇ ಮಾತಾಡುತ್ತಾರೆ.

ಹೆರಿಗೆ ಮಾಡಿಸುವುದನ್ನೂ ಕಲಿಸುತ್ತಾರಾ? ಹುಡುಗರಿಗೂ?

ಇಬ್ಬರಿಗೂ. ಸಿಲಬಸ್ ಒಂದೇ, ಪರೀಕ್ಷೆ ಒಂದೇ. ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ಎರಡೂ ಹೆಸರಿನಲ್ಲಿ ನೋಂದಣಿ ಆಗುತ್ತದೆ. ಹುಡುಗರು ಹೆರಿಗೆ ಕೋಣೆಗೆ ಹೋಗುವಾಗ ತಾಯಿಯ ಒಪ್ಪಿಗೆ ಕೇಳಬೇಕು, ಜೊತೆಗೆ ಮಹಿಳಾ ಸಿಬ್ಬಂದಿ ಇರಬೇಕು.

ಬ್ಯಾನಿ (ಹೆರಿಗೆ ನೋವು) ಶುರುವಾದ ತಾಯಿಯ ನಾಡಿ, ಬಿಪಿ, ಮಗುವಿನ ಎದೆಬಡಿತ, ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಎಲ್ಲವನ್ನೂ ಪಾರ್ಟೋಗ್ರಾಫ್ ಎಂಬ ಒಂದೇ ಹಾಳೆಯಲ್ಲಿ ಗೆರೆ ಎಳೆದು ತೋರಿಸುತ್ತಾರೆ. ಗೆರೆ ದಾರಿ ತಪ್ಪಿದರೆ ದೊಡ್ಡ ಆಸ್ಪತ್ರೆಗೆ ಕಳಿಸುವ ಹೊತ್ತು ಬಂತು ಎಂದು ಅರ್ಥ. ಮಗು ಹುಟ್ಟಿದ ಒಂದನೇ ನಿಮಿಷ, ಐದನೇ ನಿಮಿಷ ಎಪ್ಗಾರ್ ಅಂಕ ಹಾಕುತ್ತಾರೆ. ಬಣ್ಣ, ಎದೆಬಡಿತ, ಅಳು, ಕೈಕಾಲಿನ ಬಿಗಿ, ಉಸಿರು, ಒಂದೊಂದಕ್ಕೆ ಎರಡರವರೆಗೆ, ಒಟ್ಟು 10.

ತಾಯಿಯ ಮೊದಲ ದಪ್ಪ ಹಾಲಾದ ಗಿಣ್ಣದ ಹಾಲನ್ನು ಹಿಂಡಿ ಚೆಲ್ಲಿ, ಕೂಸಿಗೆ ಜೇನುತುಪ್ಪ ನೆಕ್ಕಿಸುವವರು ಇನ್ನೂ ಇದ್ದಾರೆ. ಅಜ್ಜಿಗೆ ಬೈದರೆ ಅವರು ಕೇಳುವುದಿಲ್ಲ. "ಅಜ್ಜಿ, ಇದ ಕೂಸಿಗೆ ಮೊದಲನೇ ಲಸಿಕಿ ಇದ್ದಾಂಗ್ರಿ" ಎಂದರೆ ಕೇಳುತ್ತಾರೆ.

ರಿಸರ್ಚ್ ಅಂತ ಒಂದು ವಿಷಯ ಇದೆಯಂತೆ. ನರ್ಸಿಗೆ ಅದರಿಂದ ಏನು ಉಪಯೋಗ?

ಏಳನೇ ಸೆಮಿಸ್ಟರಿನಲ್ಲಿ ರಿಸರ್ಚ್ ಮತ್ತು ಅಂಕಿಅಂಶದ ಪಾಠ ಬರುತ್ತದೆ. ಈ ಪ್ರಶ್ನೆ ಕೇಳಿದವರಿಗೆ ನಾನು ನಮ್ಮ ಜಿಲ್ಲೆಯ ಕಥೆಯನ್ನೇ ಹೇಳುತ್ತೇನೆ.

ಹೆರಿಗೆ ಆದ ಮೇಲೆ ಜಾಸ್ತಿ ರಕ್ತ ಹೋಗಿ ತಾಯಂದಿರು ಸಾಯುತ್ತಾರೆ. ಅದನ್ನು ತಡೆಯುವ ಆಕ್ಸಿಟೋಸಿನ್ ಸೂಜಿಯನ್ನು ತಂಪಿನಲ್ಲಿ ಇಡಬೇಕು. ಹಳ್ಳಿಯಲ್ಲಿ ಕರೆಂಟು ಹೋದರೆ? ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಗೆ ಫ್ರಿಜ್ ಬೇಡ, ಸೂಜಿ ಬೇಡ. ಅದು ಕೆಲಸ ಮಾಡುತ್ತದಾ ಎಂದು 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಪರೀಕ್ಷೆ ಮಾಡಿದರು. 1,620 ತಾಯಂದಿರು ಭಾಗವಹಿಸಿದರು. ಅರ್ಧದಷ್ಟು ಜನರಿಗೆ ನಿಜವಾದ ಗುಳಿಗೆ, ಉಳಿದವರಿಗೆ ಅದೇ ಥರ ಕಾಣುವ ಖಾಲಿ ಗುಳಿಗೆ. ಕೊಟ್ಟವರು ಡಾಕ್ಟರುಗಳಲ್ಲ. ಜನ ನರ್ಸಬಾಯಿ ಎಂದು ಕರೆಯುವ, ಹಳ್ಳಿಯ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳು. ಹೋದ ರಕ್ತವನ್ನು ಅಳೆದು ಬರೆದರು. ಖಾಲಿ ಗುಳಿಗೆಯವರಲ್ಲಿ ನೂರಕ್ಕೆ 12 ಜನರಿಗೆ ಅತಿ ರಕ್ತಸ್ರಾವ ಆಗಿತ್ತು. ನಿಜವಾದ ಗುಳಿಗೆಯವರಲ್ಲಿ ಶೇ. 6.4. 2006ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಗಿ ಜಗತ್ತೆಲ್ಲ ಓದಿತು. ನಮ್ಮ ಹಳ್ಳಿಗಳ ನರ್ಸಬಾಯಿಯರು ಸರಿಯಾಗಿ ಅಳೆದು, ಸರಿಯಾಗಿ ಬರೆಯದಿದ್ದರೆ ಆ ಲೆಕ್ಕ ಹುಟ್ಟುತ್ತಲೇ ಇರಲಿಲ್ಲ. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಹೆಮ್ಮೆಯಾಗುತ್ತದೆ.

ಹಳ್ಳಿಗೂ ಕಳಿಸುತ್ತಾರಾ?

ಕಳಿಸುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ, ಅಂಗನವಾಡಿ, ಮನೆ ಮನೆ ಭೇಟಿ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡುವುದು, ನೀರಿನ ಪರೀಕ್ಷೆ, ಸರ್ವೆ, ಎಲ್ಲ ಅಲ್ಲೇ. ಮಗಳು ಬಿಸಿಲಲ್ಲಿ ಅಡ್ಡಾಡಬೇಕಾ ಎಂದು ಕೇಳಬೇಡಿ. ರೋಗ ಆಸ್ಪತ್ರೆಗೆ ಬರುವ ಮುಂಚೆ ಎಲ್ಲಿತ್ತು ಎಂದು ತಿಳಿಯುವುದು ಆ ಓಣಿಯಲ್ಲೇ.

ಹತ್ತನೇ ತನಕ ಕನ್ನಡ ಮೀಡಿಯಂ. ಇಂಗ್ಲಿಷಿನಲ್ಲಿ ಓದಲಾದೀತಾ?

ಪಾಠ, ಪರೀಕ್ಷೆ ಇಂಗ್ಲಿಷಿನಲ್ಲೇ. ಮೊದಲ ಮೂರು ತಿಂಗಳು ಕಷ್ಟ, ಆಮೇಲೆ ಸರಿಹೋಗುತ್ತದೆ. ಕನ್ನಡ ಮೀಡಿಯಂ ಮಕ್ಕಳಿಗೆ ವಾರ್ಡಿನಲ್ಲಿ ಒಂದು ಲಾಭ ಇದೆ. ರೋಗಿ ಇಂಗ್ಲಿಷಿನಲ್ಲಿ ನರಳುವುದಿಲ್ಲ.

ನಾನು ಒಂದು ನೋಟ್‌ಬುಕ್ ಮಾಡಿಸುತ್ತೇನೆ. ಒಂದು ಕಡೆ ಪುಸ್ತಕದ ಪದ, ಇನ್ನೊಂದು ಕಡೆ ನಮ್ಮ ಜನ ಹೇಳುವ ಮಾತು. ಡಿಸ್ಪ್ನಿಯಾ ಎಂದರೆ "ದಮ್ಮ ಹತ್ತೈತ್ರಿ". ವರ್ಟಿಗೋ ಎಂದರೆ "ಚಕ್ಕರ ಬಂದಾಂಗ ಆಗತೈತಿ". "ಕಸುವ ಇಲ್ರಿ" ಎಂದರೆ ರಕ್ತ ಕಡಿಮೆ ಇರಬಹುದು, ಸಕ್ಕರೆ ಜಾಸ್ತಿ ಇರಬಹುದು, ಊಟವೇ ಮಾಡದಿರಬಹುದು. ಬೆಳಗಾವಿ, ನಿಪ್ಪಾಣಿ, ಖಾನಾಪುರದಲ್ಲಿ ಮರಾಠಿಯೂ ಬೇಕು. "ಕುಠೇ ದುಖತಂಯ್?" ಎಂದು ಕೇಳಿದರೆ ಅಜ್ಜಿಯ ಮುಖ ಅರಳುತ್ತದೆ.

ಹಾಜರಿ ಬಹಳ ಕಟ್ಟುನಿಟ್ಟಂತೆ?

ಹೌದು. ಪಾಠಕ್ಕೆ ಶೇ. 80 ಹಾಜರಿ ಬೇಕು. ಆಸ್ಪತ್ರೆಯ ಡ್ಯೂಟಿ ಮಾತ್ರ ಡಿಗ್ರಿ ಕೈಗೆ ಬರುವಷ್ಟರಲ್ಲಿ ನೂರಕ್ಕೆ ನೂರು ಮುಗಿದಿರಬೇಕು. ತಪ್ಪಿಸಿದ ದಿನಗಳನ್ನು ಆಮೇಲೆ ತುಂಬಿಸಬೇಕು. ಮನೆಯಲ್ಲಿ ಮದುವೆ, ಜಾತ್ರೆ ಎಂದು ವಾರಗಟ್ಟಲೆ ಕರೆಸಿಕೊಳ್ಳುವ ತಂದೆತಾಯಿ ಇದನ್ನು ದಯವಿಟ್ಟು ಗಮನಿಸಿ. ಮುಖ್ಯ ವಿಷಯಗಳಲ್ಲಿ ಪಾಸಾಗಲು ಶೇ. 50 ಅಂಕ ಬೇಕು, ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ.

ಇಂಟರ್ನ್‌ಶಿಪ್ ಎಷ್ಟು ದಿನ?

ಕೊನೆಯ ಸೆಮಿಸ್ಟರ್ ಪೂರ್ತಿ ಅದೇ. 22 ವಾರ. ದೊಡ್ಡವರ ವಾರ್ಡು 6 ವಾರ, ಸಮುದಾಯ, ಮಕ್ಕಳು, ಮಾನಸಿಕ ಆರೋಗ್ಯ, ಹೆರಿಗೆ ತಲಾ 4 ವಾರ. ನೈಟ್ ಡ್ಯೂಟಿಯೂ ಇರುತ್ತದೆ. ವಿದ್ಯಾರ್ಥಿನಿ ಹೋಗಿ ನರ್ಸ್ ಆಗುವುದು ಈ ವಾರಗಳಲ್ಲಿ.

ಜಿಎನ್‌ಎಂ ಮಾಡಿದರೆ ಸಾಲದಾ?

ಅದು ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಎಂಬ ಮೂರು ವರ್ಷದ ಡಿಪ್ಲೊಮಾ, ಒಳ್ಳೆಯ ನರ್ಸುಗಳು ಅಲ್ಲಿಂದಲೂ ಬಂದಿದ್ದಾರೆ. ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಸೈನ್ಸ್ ಓದಿದ್ದು, ಮನೆಯಲ್ಲಿ ಅನುಕೂಲ ಇದ್ದರೆ ನೇರ ಬಿಎಸ್ಸಿಗೆ ಸೇರಿಸಿ ಎಂದೇ ನಾನು ಹೇಳುತ್ತೇನೆ. ಒಟ್ಟು ಒಂದು ವರ್ಷ ಉಳಿಯುತ್ತದೆ.

ಸೇರಲು ಏನು ಬೇಕು? ಕಾಲೇಜು ಹೇಗೆ ಆರಿಸಬೇಕು?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇರಬೇಕು. ಕನಿಷ್ಠ ಶೇ. 45, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40. ವಯಸ್ಸು 17 ತುಂಬಿರಬೇಕು. ಸರ್ಕಾರಿ ಕೋಟಾದ ಸೀಟನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಂಚುತ್ತದೆ. ಸಿಇಟಿಗೆ ಅರ್ಜಿ ಹಾಕುವಾಗಲೇ ನರ್ಸಿಂಗ್ ನೆನಪಿರಲಿ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಮರುಳಾಗಬೇಡಿ. ಮಕ್ಕಳನ್ನು ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಅಲ್ಲಿ ರೋಗಿಗಳು ಎಷ್ಟು ಎಂದು ಕೇಳಿ. ಸಾಧ್ಯವಾದರೆ ಆ ಆಸ್ಪತ್ರೆಗೇ ಹೋಗಿ ಮಂಚಗಳು ತುಂಬಿವೆಯಾ ನೋಡಿ. ರೋಗಿಗಳೇ ಇಲ್ಲದ ಆಸ್ಪತ್ರೆಯಲ್ಲಿ ಏನು ಕಲಿಯಲು ಸಾಧ್ಯ? ರಾಜ್ಯ ಮತ್ತು ಭಾರತೀಯ ಕೌನ್ಸಿಲ್‌ಗಳ ಮಾನ್ಯತೆ ಈ ವರ್ಷಕ್ಕೂ ಇದೆಯಾ ಎಂದು ಪತ್ರ ತೋರಿಸಲು ಹೇಳಿ.

ಮುಂದೆ ಕೆಲಸ?

ಸರ್ಕಾರಿ, ಖಾಸಗಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿ, ಏಮ್ಸ್‌ನ ನಾರ್ಸೆಟ್ ಪರೀಕ್ಷೆ, ಸೇನೆ, ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಮುಂದೆ ಓದಲು ಎರಡು ವರ್ಷದ ಎಂಎಸ್ಸಿ. ಅಮೆರಿಕಕ್ಕೆ ಹೋಗಲು ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಬೇಕು, ಜರ್ಮನಿಗೆ ಅಲ್ಲಿನ ಭಾಷೆ ಕಲಿಯಬೇಕು.

ಮೊದಲ ದಿನಕ್ಕೆ ಏನು ತಂದುಕೊಡೋಣ?

ದುಬಾರಿ ಸ್ಟೆತಾಸ್ಕೋಪು ಈಗಲೇ ಬೇಡ. ಎರಡು ಜೊತೆ ಸದ್ದು ಮಾಡದ, ಜಾರದ ಚಪ್ಪಟೆ ಶೂ. ಜೇಬಿಗೆ ಹಿಡಿಸುವ ಸಣ್ಣ ನೋಟ್‌ಬುಕ್ಕು. ಉಗುರು ಕತ್ತರಿಸುವ ಕಟರ್. ಮತ್ತೆ ಸೆಕೆಂಡ್ ಮುಳ್ಳು ಸ್ಪಷ್ಟವಾಗಿ ಕಾಣುವ ಒಂದು ವಾಚು. ಸಾದಾ ವಾಚು ಸಾಕು, ಮುಳ್ಳು ಮಾತ್ರ ಇರಲೇಬೇಕು. ಮನೆಯಲ್ಲಿ ತಮ್ಮನೋ ತಂಗಿಯೋ ಮಲಗಿದ್ದಾಗ, ಗೊತ್ತಾಗದ ಹಾಗೆ ಪಕ್ಕ ಕುಳಿತು, ಎದೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಲು ಹೇಳಿ.